ಸಣ್ಣ ವೈರು

ನವೆಂಬರ್ ೧೧, ಶುಕ್ರವಾರ. ಮಕ್ತಲ್

ಬಂತು. ಆ ತಗಡಿನ ಡಬ್ಬಿ ಕೊನೆಗೂ ಬಂದು ನನ್ನ ಬಾಗಿಲ ಮುಂದೆ ನಿಂತಿತು. ನನ್ನ ತಮ್ಮ ಶರಣಬಸವ ಅದನ್ನು ಗದ್ವಾಲದಿಂದ ಓಡಿಸಿಕೊಂಡು ಬಂದು, ಬೆಳಗ್ಗೆ ನಾನು ಹಾಕಿದ ರಂಗೋಲಿಯ ಮೇಲೇ ಟೈರು ಹತ್ತಿಸಿ, ಹಾರನ್ ಬೇರೆ ಹೊಡೆದ. ಓಣಿಯವರೆಲ್ಲ ಹೊರಗೆ ಬಂದು ನೋಡಿದರು. ನಾನು ಹೊಲಿಗೆ ಮಷೀನು ಬಿಟ್ಟು ಏಳಲಿಲ್ಲ.

ಹಳೆಯ ಸ್ಕೂಲ್ ವ್ಯಾನು. ಮೇಲೆ ಬಿಳಿ ಬಳಿದಿದ್ದರೂ ಮೂಲೆಗಳಲ್ಲಿ ಹಳದಿ ಇಣುಕುತ್ತದೆ. ನಂಬರ್ ಪ್ಲೇಟಿನಲ್ಲಿ ಇನ್ನೂ ಎಪಿ ಎಂದಿದೆ; ತೆಲಂಗಾಣ ಬಂದು ಇಷ್ಟು ವರ್ಷವಾದದ್ದನ್ನು ಅದಕ್ಕೆ ಯಾರೂ ಹೇಳಿಲ್ಲ. ಒಳಗೆ ಮಂಚ, ಗ್ಯಾಸ್ ಒಲೆ, ಗೋಡೆಗೆ ಹೂವಿನ ಚಿತ್ರದ ಪ್ಲೈವುಡ್ಡು. ಇನ್ನು ಇದೇ ನಮ್ಮ ಮನೆಯಂತೆ, ತಿಂಗಳುಗಟ್ಟಲೆ ಇದರಲ್ಲೇ ತಿರುಗುವುದಂತೆ.

ಹೀಗೆ ತೀರ್ಮಾನ ಮಾಡಿದವರು ನನ್ನ ಗಂಡ, ಶಿವಕಾಂತ ಎಂಬ ಮಹಾಶಯರು. ಮೂವತ್ತು ವರ್ಷ ಲಾರಿ ಓಡಿಸಿದರು. ಗದ್ವಾಲದ ಹತ್ತಿ ಹೇರಿಕೊಂಡು ಸೊಲ್ಲಾಪುರ, ಮುಂಬೈ, ಸೂರತ್ತು ಎಂದು ದೇಶ ನೋಡಿದರು. ಆಗ ನಾನೆಲ್ಲಿದ್ದೆ? ಇದೇ ಮಷೀನಿನ ಮುಂದೆ, ನಾರಾಯಣಪೇಟೆ ಸೀರೆಗಳಿಗೆ ಫಾಲ್ ಹಚ್ಚುತ್ತ. ಮದುವೆಯಾದ ಹೊಸತರಲ್ಲಿ ಒಂದು ಸಲ, ನನ್ನನ್ನೂ ಕರೆದುಕೊಂಡು ಹೋಗ್ರಿ ಎಂದು ಬಾಯಿಬಿಟ್ಟು ಕೇಳಿದೆ. ಲಾರಿ ಹೆಂಗಸರು ಕೂರುವ ಜಾಗವಲ್ಲ ಎಂದರು. ಈಗ ಬೀಡಿ, ಡೀಸೆಲ್ ಹೊಗೆ, ಹತ್ತಿಯ ಧೂಳು ಎಲ್ಲ ಸೇರಿ ಎದೆಯನ್ನು ತಿಂದುಹಾಕಿದ ಮೇಲೆ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಆಕ್ಸಿಜನ್ ಮಷೀನಿನ ಪಕ್ಕ ಕೂತ ಮೇಲೆ, ನನ್ನನ್ನು ಕರೆದುಕೊಂಡು ಹೋಗಬೇಕಂತೆ. ಆ ನಳಿಗೆ ಬಚ್ಚಲ ಬಾಗಿಲವರೆಗೆ ಮುಟ್ಟುತ್ತದೆ, ಬೀದಿಯವರೆಗೆ ಮುಟ್ಟುವುದಿಲ್ಲ. ಅದು ಗೊತ್ತಿದ್ದೂ ಈ ಹುಚ್ಚು.

ಕನ್ನಡದಲ್ಲಿ ಬರೆಯುವುದರಿಂದ ನನಗೊಂದು ಲಾಭ. ಇವರು ಓದಿದ್ದು ತೆಲುಗು, ಮದುವೆಯಾಗಿ ಹೋದ ಮಗಳು ಓದಿದ್ದೂ ತೆಲುಗು. ಈ ಮನೆಯಲ್ಲಿ ಕನ್ನಡ ಆಡಲು ಎಲ್ಲರಿಗೂ ಬರುತ್ತದೆ, ಓದಲು ನನಗೊಬ್ಬಳಿಗೆ. ಆದ್ದರಿಂದ ಧೈರ್ಯವಾಗಿ ಬರೆದಿಡುತ್ತೇನೆ: ನಾನು ಹೋಗುವುದಿಲ್ಲ.

ನವೆಂಬರ್ ೧೨, ಶನಿವಾರ

ಮೊದಲು ಎಲ್ಲಿಗೆ ಸವಾರಿ ಎಂದು ಕೇಳಿದೆ. ಶ್ರೀಶೈಲವೋ ಕಾಶಿಯೋ ಎನ್ನುತ್ತಾರೆಂದು ಅಂದುಕೊಂಡಿದ್ದೆ. ಸೊಲ್ಲಾಪುರದ ಹತ್ತಿರ ರಸ್ತೆ ಬದಿಗೆ ಒಂದು ಬೇವಿನ ಮರವಿದೆಯಂತೆ. ಹೋಗುವಾಗ ಬರುವಾಗ ಅದರ ಕೆಳಗೇ ಲಾರಿ ನಿಲ್ಲಿಸಿ ಮಲಗುತ್ತಿದ್ದರಂತೆ. ಅದನ್ನು ನನಗೆ ತೋರಿಸಬೇಕಂತೆ.

“ನಮ್ಮ ಹಿತ್ತಲದಾಗ ಬೇವಿನ ಗಿಡ ಇಲ್ಲೇನ್ರಿ?” ಎಂದೆ.

“ಅಲ್ಲಿ...” ಎಂದರು. ಉಸಿರು ಎಳೆದುಕೊಂಡರು. “ಅಲ್ಲಿ ಗಾಳಿ ಭಾಳ.”

ಇವರ ಮಾತು ಈಗ ಹೀಗೇ. ಒಂದು ಉಸಿರಿಗೆ ಎರಡೋ ಮೂರೋ ಶಬ್ದ. ಉಳಿದದ್ದನ್ನು ಕೇಳುವವರೇ ತುಂಬಿಕೊಳ್ಳಬೇಕು. ಮೊದಲು ಮಾತು ನಿಲ್ಲಿಸ್ರಿ ಎಂದು ಬೇಡಿಕೊಳ್ಳಬೇಕಾಗಿತ್ತು.

ಮನೆಯಲ್ಲಿ ಇವರಿಗೆ ಏನು ಕಡಿಮೆ? ಗಂಟೆಗೊಮ್ಮೆ ಕರೆಂಟು ಹೋಗುತ್ತಿದ್ದ ಕಾಲ ಹೋಯಿತು. ರಾಜ್ಯ ಬೇರೆಯಾದ ಮೇಲೆ ನಮ್ಮ ಓಣಿಯಲ್ಲಿ ಹೋದರೂ ಬೇಗ ಬರುತ್ತದೆ. ಗೋಡೆಯಲ್ಲಿ ಅಷ್ಟು ಗಟ್ಟಿ ಕರೆಂಟು ಬಿಟ್ಟು, ಬ್ಯಾಟರಿಯ ಮೇಲೆ ಉಸಿರು ಇಟ್ಟುಕೊಂಡು ತಿರುಗುತ್ತಾರಂತೆ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನ ಹಾಗೆ ಮಾಡಿಕೊಡುವ ಇನ್ವರ್ಟರ್ ಇದೆಯಂತೆ, ಗದ್ವಾಲದ ಆಟೋ ಎಲೆಕ್ಟ್ರಿಶಿಯನ್ ನರೇಂದ್ರ ಅದನ್ನು ಜೋಡಿಸಿಕೊಟ್ಟಿದ್ದಾನಂತೆ. ಅದು ನಿಂತರೆ ಏನು ಗತಿ? ಮಷೀನು ನಿಲ್ಲಲು ಬಿಡಬೇಡಿ ಎಂದು ರಾಯಚೂರಿನ ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಇವರ ಕಿವಿಯಲ್ಲಿ ಯಾವಾಗಲೂ ಲಾರಿಯ ಸದ್ದು.

ನವೆಂಬರ್ ೧೪, ಸೋಮವಾರ

ಇವತ್ತು ಹೊಲಿಗೆಗೆ ಕೂರಲಿಲ್ಲ. ಸಿಟ್ಟಿಗೆ, ಬೇರೆ ಯಾತಕ್ಕೂ ಅಲ್ಲ.

ಮಧ್ಯಾಹ್ನ ಊಟವಾದ ಮೇಲೆ ವ್ಯಾನಿನಲ್ಲೇ ಮಲಗಿ ನೋಡುತ್ತೇನೆಂದು ಹಠ ಹಿಡಿದರು. ಶರಣಬಸವ ಆಕ್ಸಿಜನ್ ಮಷೀನನ್ನು ಒಳಗಿಟ್ಟು ಇನ್ವರ್ಟರಿಗೆ ಸಿಕ್ಕಿಸಿದ. ಮಷೀನು ಗುರ್ ಎಂದಿತು, ಇನ್ವರ್ಟರ್ ಕುಂಯ್ ಕುಂಯ್ ಎಂದಿತು, ಎರಡೂ ನಿಂತವು. ಮತ್ತೆ ಹಾಕಿದ, ಮತ್ತೆ ನಿಂತವು. ಎಂಜಿನ್ ಚಾಲೂ ಮಾಡಿ ಹಾಕಿದಾಗ ಓಡಿತು. ಇವರು ನನ್ನ ಕಡೆ ನೋಡಿ ಗೆದ್ದವರ ಹಾಗೆ ನಕ್ಕು ಮಗ್ಗುಲಾದರು. ನಿದ್ದೆಯೂ ಹತ್ತಿತು.

ಬರುವುದಿಲ್ಲ ಎಂದವಳು ನಾನು ವ್ಯಾನಿನ ಬಾಗಿಲಲ್ಲಿ ಯಾಕೆ ನಿಂತಿದ್ದೆನೋ ಗೊತ್ತಿಲ್ಲ. ನಿಂತಿದ್ದಕ್ಕೇ ಗೊತ್ತಾಯಿತು. ಮೊದಲು ವಾಸನೆ, ಆಮೇಲೆ ಹೂವಿನ ಪ್ಲೈವುಡ್ಡಿನ ಸಂದಿನಿಂದ ಹೊಗೆ. ಹೊಗೆ! ಈ ಎದೆ ಇರುವ ಮನುಷ್ಯನ ತಲೆಯ ಹತ್ತಿರ! ಶರಣಬಸವ ಬ್ಯಾಟರಿಯ ತುದಿ ಕಿತ್ತ. ನಾನು ಇವರನ್ನು ಕಂಕುಳಲ್ಲಿ ಕೈಹಾಕಿ ಎಬ್ಬಿಸಿ ಹೊರಗೆ ತಂದು, ಮನೆಯಲ್ಲಿದ್ದ ಆಕ್ಸಿಜನ್ ಸಿಲಿಂಡರಿಗೆ ನಳಿಗೆ ಜೋಡಿಸಿದೆ. ತುಟಿ ನೀಲಿಯಾಗಿತ್ತು. ಬಣ್ಣ ತಿರುಗುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಆಮೇಲೆ ಸುತ್ತಿಗೆ ತೆಗೆದುಕೊಂಡು ಹೋಗಿ ಆ ಪ್ಲೈವುಡ್ಡನ್ನು ಒಡೆದೆ. ಮುಂದೆ ಡ್ರೈವರ್ ಸೀಟಿನ ಹಿಂದೆ ಬ್ಯಾಟರಿ, ಹಿಂದೆ ಮಂಚದ ತಲೆಯ ಹತ್ತಿರ ಇನ್ವರ್ಟರ್; ನಡುವೆ ಇಷ್ಟುದ್ದಕ್ಕೂ ಓಡಿದ ವೈರು ನನ್ನ ಹೊಲಿಗೆ ಮಷೀನಿನ ಮೋಟಾರಿನ ವೈರಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಮೈಮೇಲಿನ ಪ್ಲಾಸ್ಟಿಕ್ಕು ಕರಗಿ ಅಂಟಂಟಾಗಿತ್ತು. ಫ್ಯೂಸ್ ಇರಬೇಕಾದ ಜಾಗದಲ್ಲಿ ಫ್ಯೂಸೇ ಇಲ್ಲ. ತಾಮ್ರದ ಎಳೆಗಳನ್ನು ಹೊಸೆದು ಸುತ್ತಿದ್ದಾನೆ.

ಮನೆಯೊಳಗೆ ಬಂದರೆ ಮಂಚದ ಮೇಲಿಂದ ಇವರು ಏನೋ ಹೇಳಿದರು. ಬಗ್ಗಿ ಕೇಳಿದೆ. “ಗಾಡಿ... ಉಳೀತಲ್ಲ” ಎನ್ನುತ್ತಿದ್ದರು. ಗಾಡಿಯಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ನವೆಂಬರ್ ೧೭, ಗುರುವಾರ

ಸುಟ್ಟ ವೈರನ್ನು ಸುತ್ತಿ ಸೀರೆಯ ಚೀಲದಲ್ಲಿ ಹಾಕಿಕೊಂಡು ಗದ್ವಾಲಕ್ಕೆ ಹೋದೆ. ಜೂರಾಲ ಡ್ಯಾಮು ದಾಟುವವರೆಗೂ ನರೇಂದ್ರನಿಗೆ ಏನೇನು ಬೈಯಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು, ಒಳ್ಳೆಯದೇ ಆಯಿತು. ವೈರನ್ನು ಅವನ ಮುಂದೆ ಎಸೆದು ಬಾಯಿಗೆ ಬಂದಂತೆ ಅಂದೆ. ಮನುಷ್ಯನ ಉಸಿರಿಗೆ ಹಾಕುವ ವೈರಿನಲ್ಲಿ ಉಳಿತಾಯ ಮಾಡುತ್ತೀಯಾ ಎಂದು ಕೇಳಿದೆ.

ಅವನು ಎಲ್ಲ ಕೇಳಿಸಿಕೊಂಡು, ಕೈ ಒರೆಸಿಕೊಂಡು, ತೆಲುಗಿನಲ್ಲಿ ಒಂದೇ ಮಾತು ಅಂದ.

“ಮೀರೇ ಚೆಪ್ಪಿನ್ರು ಗದಕ್ಕಾ, ಸನ್ನ ವೈರು ಅನಿ.”

ನೀವೇ ಹೇಳಿದ್ದಲ್ಲವೇ ಎಂದು ನನಗೇ ತಿರುಗಿಸಿದ. ನಾನು ಹೇಳಿದ್ದು ನಿಜ. ದಸರೆಯ ಹೊತ್ತಿಗೆ ಅವನು ಫೋನು ಮಾಡಿ ವೈರು ಹೇಗಿರಲಿ ಎಂದು ಕೇಳಿದ್ದ. ಇವರು ಮಂಚದಿಂದ “ವೈರು... ಸಣ್ಣದಿರಲಿ” ಎಂದರು. ನಾನು ಕೈಯಲ್ಲಿ ಸೂಜಿ ಹಿಡಿದುಕೊಂಡೇ, ಸಣ್ಣದಿರಲಂತ ನೋಡಪ್ಪ ಎಂದು ಫೋನಿಗೆ ಹೇಳಿದ್ದೆ.

ಸರಿ, ಫ್ಯೂಸಿನ ಕಥೆ ಏನು ಎಂದೆ. ಅಲ್ಲಿ ಸಿಕ್ಕಿಬಿದ್ದ. ಹಾಕಿ ನೋಡಿದಾಗೆಲ್ಲ ಫ್ಯೂಸು ಹೋಗುತ್ತಿತ್ತಂತೆ, ಅದರ ಕಾಟ ತಾಳಲಾರದೆ ತಂತಿ ಸುತ್ತಿದನಂತೆ. ಹೋಗುತ್ತಿರುವುದು ಯಾಕೆ ಎಂದು ಕೇಳಿಕೊಳ್ಳಲಿಲ್ಲವಾ ಎಂದರೆ ತಲೆ ಕೆರೆದುಕೊಂಡ. ಅದಕ್ಕೆ ಮತ್ತೊಂದಿಷ್ಟು ಬೈದು ಬಂದೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇವರನ್ನು ಕೇಳಿದೆ.

“ಸಣ್ಣದು ಅಂದ್ರ... ಗಿಡ್ಡ,” ಎಂದರು. “ಉದ್ದ... ಎಳೀಬ್ಯಾಡ ಅಂತ.”

“ಮತ್ತ ದಪ್ಪ ಇರಲಿ ಅಂತ ಯಾಕ ಹೇಳಲಿಲ್ಲ?”

“ಬ್ಯಾಟರಿ ವೈರು... ದಪ್ಪ ಇರ್ತೈತಿ. ಅದು ಯಾರಿಗೆ... ಗೊತ್ತಿಲ್ಲ?”

ಯಾರಿಗೆ ಗೊತ್ತಿಲ್ಲವಂತೆ! ಇವರು ಗಿಡ್ಡ ಎಂಬ ಅರ್ಥದಲ್ಲಿ ಸಣ್ಣ ಎಂದರು. ತೆಲುಗಿನವನ ಕಿವಿಗೆ ಅದು ಸನ್ನ ಆಯಿತು. ಅವರಲ್ಲಿ ಸನ್ನ ಎಂದರೆ ತೆಳ್ಳಗಿನದು, ಬೇರೆ ಅರ್ಥವೇ ಇಲ್ಲ. ನಡುವೆ ನಿಂತ ನಾನು ಯಾವ ಸಣ್ಣವನ್ನು ಹೇಳಿದೆ ಎಂದು ಈಗ ನೆನಪಿಸಿಕೊಂಡರೂ ತಿಳಿಯುವುದಿಲ್ಲ. ಕೈಯಲ್ಲಿ ಸೂಜಿ ಇತ್ತು, ಅಷ್ಟು ಗೊತ್ತು. ತಪ್ಪೆಲ್ಲ ಇವರದೇ. ಇನ್ನೊಂದು ಶಬ್ದ ಆಡದೆ ಉಸಿರು ಉಳಿಸಿದರು, ಆ ಉಳಿಸಿದ ಉಸಿರೇ ಹೋಗುವುದರಲ್ಲಿತ್ತು.

ನವೆಂಬರ್ ೧೮, ಶುಕ್ರವಾರ

ಯಾರ ಜೊತೆಗೂ ಮಾತಿಲ್ಲ. ಸೊಪ್ಪಿನ ಬೇಳೆ ಮಾಡಿ ಮುಚ್ಚಿಟ್ಟೆ. ಉಂಡರು.

ನವೆಂಬರ್ ೨೬, ಶನಿವಾರ

ಇವರು ಹೋಗೇ ಹೋಗುತ್ತಾರೆ. ವ್ಯಾನನ್ನು ಮಾರಿಬಿಡಿ ಎಂದು ಶರಣಬಸವನ ಬಾಯಿಂದಲೂ ಹೇಳಿಸಿದೆ, ಗೋಡೆಯ ಕಡೆ ತಿರುಗಿ ಮಲಗಿದರು. ಮತ್ತೆ ಆ ಗದ್ವಾಲದವನ ಕೈಗೆ ಬಿಟ್ಟರೆ ಈ ಸಲ ಪೂರ್ತಿ ಸುಡುತ್ತಾನೆ. ಹಾಗಾಗಿ ಹೇಗಿರಬೇಕು ಎಂಬುದನ್ನು ನಾನೇ ತಿಳಿದುಕೊಳ್ಳುವುದೆಂದು ಕೂತೆ. ಹೋಗುವವರು ಇವರು, ತಲೆ ಬಿಸಿ ನನಗೆ.

ದಿನಾ ಸಂಜೆ ಫಾಲ್ ಹಚ್ಚುತ್ತ ಕೇಳುತ್ತೇನೆ, ಇವರು ಉಸಿರಿಗೊಂದು ಶಬ್ದದಂತೆ ಹೇಳುತ್ತಾರೆ. ಮನೆಯ ಕರೆಂಟು ಜೋರಿನದು, ತೆಳ್ಳಗಿನ ವೈರಿನಲ್ಲೂ ಹೋಗುತ್ತದೆ. ಬ್ಯಾಟರಿಯದು ಮೆತ್ತಗಿನದು, ಅದೇ ಕೆಲಸ ಮಾಡಿಸಲು ಬಹಳ ಕರೆಂಟು ಹರಿಯಬೇಕು. ದಾರಿ ಇಕ್ಕಟ್ಟಾದರೆ ವೈರು ಬಿಸಿಯಾಗುತ್ತದೆ. ಉದ್ದ ಹೆಚ್ಚಾದಷ್ಟೂ ದಾರಿಯಲ್ಲೇ ಸೋರಿ ಇನ್ವರ್ಟರಿಗೆ ಸಾಲದೆ ಹೋಗುತ್ತದೆ. ಅವತ್ತು ಅದು ಕುಂಯ್ ಕುಂಯ್ ಎಂದು ಅತ್ತದ್ದು ಅದಕ್ಕೆ. ಆದ್ದರಿಂದ ಗಿಡ್ಡ ಮತ್ತು ದಪ್ಪ, ಎರಡೂ.

ಫ್ಯೂಸು ಮಷೀನನ್ನು ಕಾಯಲು ಇರುವುದು ಎಂದುಕೊಂಡಿದ್ದೆ. “ಅಲ್ಲ,” ಎಂದರು, “ಫ್ಯೂಸು... ವೈರನ್ನ ಕಾಯಾಕ.” ವೈರು ಎಷ್ಟು ತಾಳುತ್ತದೋ ಅದಕ್ಕಿಂತ ಕಡಿಮೆಯ ಫ್ಯೂಸು ಹಾಕಬೇಕು, ವೈರು ಸುಡುವ ಮೊದಲು ಅದು ಹೋಗಬೇಕು. ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ನಮ್ಮ ಇನ್ವರ್ಟರ್ ಪೂರ್ತಿ ಕೆಲಸ ಮಾಡಿದರೆ ನೂರು ಆಂಪಿಯರಿನ ಹತ್ತಿರ ಎಳೆಯುತ್ತದಂತೆ. ಆಕ್ಸಿಜನ್ ಮಷೀನಿಗೆ ಅದರ ಅರ್ಧವೂ ಬೇಡ. ಹಾಗಾದರೆ ನೂರರ ಫ್ಯೂಸು, ಮೂವತ್ತೈದು ನಂಬರಿನ ವೈರು ಎಂದು ಲೆಕ್ಕ ಹಾಕಿದೆ. ಇವರು ಹೌದೆಂದು ಗೋಣು ಹಾಕಿದರು.

ನಮ್ಮ ದಾರದಲ್ಲಿ ನಂಬರು ಹೆಚ್ಚಾದಷ್ಟೂ ದಾರ ತೆಳು. ವೈರಿನಲ್ಲಿ ತಿರುಗಾಮುರುಗಾ. ಈ ಗಂಡಸರು ಯಾವುದನ್ನು ನೆಟ್ಟಗೆ ಇಟ್ಟಿದ್ದಾರೆ?

ಡಿಸೆಂಬರ್ ೨, ಶುಕ್ರವಾರ. ಗದ್ವಾಲದಿಂದ ಬಂದು

ಇಡೀ ದಿನ ಜಗಳ. ಶರಣಬಸವನ ಜೊತೆ ವ್ಯಾನು ತೆಗೆದುಕೊಂಡು ಹೋದೆ. ಹೋದ ಕೂಡಲೇ ನರೇಂದ್ರನಿಗೆ ಹೇಳಿದೆ, ನನ್ನ ಮುಂದೆ ಸಣ್ಣ ಎಂಬ ಮಾತು ಆಡಬೇಡ, ಗಿಡ್ಡಕ್ಕೆ ಪೊಟ್ಟಿ ಅನ್ನು, ದಪ್ಪಕ್ಕೆ ಲಾವು ಅನ್ನು ಎಂದು. ಅವನಿಗೆ ನಗು, ನನಗೆ ಪಿತ್ತ.

ಹದಿನಾರರ ವೈರು ಸಾಕು ಎಂದ. ಸಾಲದು ಎಂದೆ. ಮೂವತ್ತೈದರದು ಬಗ್ಗುವುದಿಲ್ಲ ಎಂದ. ನೀನು ಬಗ್ಗು ಎಂದೆ. ವೈರಿನ ತುದಿಗೆ ಹಾಕುವ ತಾಮ್ರದ ಲಗ್ಗನ್ನು ಸುತ್ತಿಗೆಯಿಂದ ಜಜ್ಜಲು ಹೊರಟ. ಅದನ್ನು ಒತ್ತಿ ಕೂರಿಸುವ ದೊಡ್ಡ ಇಕ್ಕಳ ತರಿಸುವವರೆಗೆ ನಾನು ವೈರು ಕೊಡಲಿಲ್ಲ. ಇನ್ವರ್ಟರನ್ನು ಹಿಂದಿನಿಂದ ಕಿತ್ತು ಮುಂದಿನ ಸೀಟಿನ ಕೆಳಗೆ, ಬ್ಯಾಟರಿಯ ಪಕ್ಕಕ್ಕೆ ತಂದಾಯಿತು. ನಡುವೆ ಒಂದು ತಗಡಿನ ಅಡ್ಡಗೋಡೆ ಮಾತ್ರ. ಬ್ಯಾಟರಿಯಿಂದ ಒಂದು ಗೇಣಿಗೆ ಫ್ಯೂಸು. ಅಂಗಡಿಯಲ್ಲಿ ಉಳಿದಿದ್ದ ಬೇರೆ ನೂರರ ಫ್ಯೂಸುಗಳನ್ನೂ ಕಟ್ಟಿಸಿಕೊಂಡೆ. ತಂತಿ ಸುತ್ತುವ ನೆಪ ಯಾರಿಗೂ ಇರಬಾರದು.

ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಹೋಗಿದ್ದೆ, ನರೇಂದ್ರನಿಗೂ ಸೇರಿಸಿ. ಊಟಕ್ಕೆಂದು ಮನೆಗೆ ಹೋದರೆ ಸಂಜೆಯವರೆಗೆ ಬರುವುದಿಲ್ಲ, ಅದಕ್ಕೆ. ಎರಡು ರೊಟ್ಟಿ ಹೆಚ್ಚೇ ತಿಂದ, ತಿನ್ನಲಿ.

ಡಿಸೆಂಬರ್ ೨೩, ಶುಕ್ರವಾರ. ಎಳ್ಳಮಾಸಿ

ಮಾಗನೂರಿನ ಹೊಲಕ್ಕೆ ಹೋಗಿದ್ದೆವು, ಶರಣಬಸವನ ಹೊಲ. ಆಕ್ಸಿಜನ್ ಮಷೀನು ಮನೆಗೆ ಬಂದಾಗಿನಿಂದ ಇವರು ಎಳ್ಳಮಾಸಿಯ ಪೂಜೆಗೆ ಹೊಲ ಕಂಡಿರಲಿಲ್ಲ. ಗಾಡಿಯನ್ನು ಬದುವಿನವರೆಗೆ ಒಯ್ದು ಬಾಗಿಲು ತೆಗೆದಿಟ್ಟೆವು. ನಳಿಗೆ ಜೋಳದ ಮೊದಲ ಸಾಲಿನವರೆಗೆ ಮುಟ್ಟಿತು. ಅಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಕೂತಲ್ಲಿಂದಲೇ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿದರು. ಕೈ ದೂರ ಹೋಗಲಿಲ್ಲ, ಬಜ್ಜಿ ಕಡುಬು ಎಲ್ಲ ಕಾಲ ಹತ್ತಿರವೇ ಬಿತ್ತು. ನಾನು ಆ ಕಡೆ ನೋಡದೆ ಗಾಡಿಯೊಳಗೆ ಹೋಗಿ ವೈರು ಮುಟ್ಟಿ ನೋಡಿದೆ. ತಣ್ಣಗಿತ್ತು. ಎಂಜಿನ್ ಬಂದ್, ಆದರೂ ಮಷೀನು ಒಂದೇ ಸಮ ಓಡುತ್ತಿತ್ತು.

ಬಂದವರೆಲ್ಲ ಶರಣಬಸವನನ್ನು ಹೊಗಳಿದ್ದೇ ಹೊಗಳಿದ್ದು, ಎಂಥ ಗಾಡಿ ಮಾಡಿಸಿದಿ ಎಂದು. ಅವನು ಹಲ್ಲು ಕಿರಿದುಕೊಂಡು ಕೇಳಿಸಿಕೊಂಡ. ವೈರಿನ ನಂಬರು ಎಷ್ಟು ಎಂದು ಕೇಳಿದ್ದರೆ ಗೊತ್ತಾಗುತ್ತಿತ್ತು. ಇವರು ಬಜ್ಜಿ ಹೆಚ್ಚು ತಿಂದು ಹೊಟ್ಟೆ ಉಬ್ಬಿಸಿಕೊಂಡರು. ಹೇಳಿದರೆ ಕೇಳುವುದಿಲ್ಲ.

ಜನವರಿ ೧೦, ಮಂಗಳವಾರ

ಗಾಡಿಯ ಕಿಟಕಿಗಳಿಗೆ ಪರದೆ ಹೊಲಿದೆ. ನನ್ನ ಹಳೆಯ ನಾರಾಯಣಪೇಟೆ ಸೀರೆಯದು, ಕೆಂಪಂಚಿನದು. ಹೋಗುತ್ತೇನೆಂದಲ್ಲ. ಬಿಸಿಲು ಇವರ ಮುಖಕ್ಕೆ ಹೊಡೆಯುತ್ತದೆ.

ಜನವರಿ ೧೭, ಮಂಗಳವಾರ. ಯಾದಗಿರಿಯ ಈಚೆ, ಚಹಾದಂಗಡಿಯ ಮುಂದೆ

ಶರಣಬಸವ ಚಹಾ ಕುಡಿಯುತ್ತಿದ್ದಾನೆ, ಇವರು ಮಲಗಿದ್ದಾರೆ. ಸಿಟ್ಟು ಇಳಿಯುವ ಮೊದಲು ಬರೆದುಬಿಡುತ್ತೇನೆ.

ಸಂಕ್ರಾಂತಿ ಮುಗಿಸಿ ಬೆಳಗ್ಗೆ ಹೊರಟೆವು. ಇಬ್ಬರು ಗಂಡಸರನ್ನು ನಂಬಿ ಆ ಮಷೀನನ್ನು ಕಳಿಸಲಾದೀತೇ? ನಾರಾಯಣಪೇಟೆ ದಾಟಿದ ಮೇಲೆ ರಸ್ತೆ ಕಿತ್ತುಹೋಗಿತ್ತು. ಒಂದು ಗುಂಡಿಗೆ ಗಾಡಿ ಎಗರಿ ಬಿತ್ತು. ಸೀಟಿನ ಕೆಳಗೆ ಟಕ್ ಎಂದು ಸದ್ದಾಯಿತು, ಮಷೀನು ನಿಂತು ಕೂಗತೊಡಗಿತು.

ಮೊದಲು ಜೊತೆಗೆ ತಂದಿದ್ದ ಸಿಲಿಂಡರು ತಿರುಗಿಸಿ ನಳಿಗೆ ಬದಲಿಸಿದೆ. ಇವರ ತುಟಿ ನೋಡಿದೆ, ಸರಿಯಿತ್ತು. ಆಮೇಲೆ ಸೀಟು ಎತ್ತಿದೆ. ಫ್ಯೂಸು ಕಪ್ಪಾಗಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ, ವೈರು ಮುಟ್ಟಿದರೆ ತಣ್ಣಗಿದೆ. ಶರಣಬಸವ ಹೊಸ ಫ್ಯೂಸಿಗೆ ಕೈ ಹಾಕಿದ. ಹೋದದ್ದು ಯಾಕೆಂದು ತಿಳಿಯದೆ ಹಾಕಿದರೆ ಕೈ ಮುರಿಯುತ್ತೇನೆ ಎಂದೆ. ಬ್ಯಾಟರಿಯ ತುದಿ ಬಿಚ್ಚಿಸಿ ವೈರಿನುದ್ದಕ್ಕೂ ಬೆರಳಾಡಿಸಿಕೊಂಡು ಹೋದೆ. ಅಡ್ಡಗೋಡೆಯ ತಗಡಿನಲ್ಲಿ ಸಿಕ್ಕಿತು. ಆ ತೂತು ಹಿಂದೆ ಯಾವುದೋ ತೆಳು ವೈರಿಗೆ ಕೊರೆದದ್ದು. ನರೇಂದ್ರ ಅದನ್ನೇ ಅರದಿಂದ ಉಜ್ಜಿ ದಪ್ಪ ವೈರನ್ನು ತುರುಕಿದ್ದ. ತಗಡಿನ ಅಂಚು ತಿಕ್ಕಿ ತಿಕ್ಕಿ ಮೇಲಿನ ರಬ್ಬರು ಸೀಳಿ ತಾಮ್ರ ತಗಡಿಗೆ ತಾಗಿತ್ತು. ಅವನಿಗೆ ಗದ್ವಾಲಕ್ಕೆ ಹೋಗಿ ಇನ್ನೊಮ್ಮೆ ಹೇಳುವುದಿದೆ.

ಅಂಚನ್ನು ಅರದಿಂದ ನುಣ್ಣಗೆ ಮಾಡಿಸಿದೆ. ಟೈರಿನ ಸಾಮಾನಿನಲ್ಲಿ ಹಳೆಯ ಟ್ಯೂಬಿತ್ತು, ಕತ್ತರಿಸಿ ತೂತಿನ ಅಂಚಿಗೆ ಒಂದು ಪದರ, ವೈರಿಗೆ ಎರಡು ಪದರ ಸುತ್ತಿ, ಟೇಪು ಬಿಗಿದು, ಹೊಸ ಫ್ಯೂಸು ಕೂರಿಸಿ ಬೋಲ್ಟು ತಿರುಗಿಸಿದೆ. ಮಷೀನು ಗುರ್ ಎಂದಿತು. ಕೈ ಒರೆಸಿಕೊಂಡು ಎದ್ದೆ.

ಇವರು ಮಲಗಿದಲ್ಲಿಂದ ನನ್ನನ್ನೇ ನೋಡುತ್ತಿದ್ದರು.

“ಸಾಕು... ಮಾಂತಾ,” ಎಂದರು. “ಮನೀಗಿ ಹೋಗಣು.”

ನನಗೆ ಎಲ್ಲಿತ್ತೋ ಸಿಟ್ಟು! ಈ ಎರಡು ತಿಂಗಳು ಬಂದದ್ದೆಲ್ಲ ಇದರ ಮುಂದೆ ಏನೂ ಅಲ್ಲ.

“ಯಾಕ ಹೋಗಬೇಕು ಮನೀಗಿ? ಮೂವತ್ತು ವರ್ಷ ನಾ ಮನ್ಯಾಗ ಕುಂತೀನಿ, ನೋಡೀನಿ ಅದನ್ನ. ಫ್ಯೂಸು ಹೋತು, ಹಾಕೀನಿ. ಮತ್ತ ಹೋದ್ರ ಮತ್ತ ಹಾಕ್ತೀನಿ. ನೀವು ಬಾಯಿ ಮುಚ್ಚಿಕೊಂಡು ಉಸಿರಾಡ್ರಿ, ಅಷ್ಟ ನಿಮ್ಮ ಕೆಲಸ.” ಶರಣಬಸವನಿಗೆ ಗಾಡಿ ಹೊಡಿ ಎಂದೆ. ಅವನು ಮಾಮನ ಮುಖ ನೋಡಿದ. ಅವರ ಮುಖ ಏನು ನೋಡುತ್ತೀ, ರಸ್ತೆ ನೋಡು ಎಂದು ಅವನಿಗೂ ಅಂದೆ.

ಗಾಡಿ ಒಂದಷ್ಟು ದೂರ ಹೋಯಿತು. ಆಮೇಲೆ ಇವರು ನನ್ನ ಸೆರಗು ಜಗ್ಗಿದರು. ಬಗ್ಗಿದೆ. ಎಲ್ಲೂ ನಿಲ್ಲಿಸದೆ, ಒಂದೇ ಉಸಿರಿನಲ್ಲಿ ಹೇಳಿದರು.

“ರಸ್ತಾ ಅಗಲ ಮಾಡ್ಯಾರಂತ, ಆ ಗಿಡ ಈಗ ಇರತೈತೋ ಇಲ್ಲೋ.”

ಅದನ್ನು ಈಗ ಹೇಳುತ್ತಾರೆ. ಗಡಿ ದಾಟಿದ ಮೇಲೆ, ನನ್ನ ಸೀರೆ ಪರದೆಯಾದ ಮೇಲೆ. ಬೇಕೆಂದಾಗ ಇಷ್ಟುದ್ದ ಮಾತು ಬರುತ್ತದೆ ನೋಡಿ, ವೈರಿನ ವಿಷಯಕ್ಕೆ ಮಾತ್ರ ಬರಲಿಲ್ಲ. ಇವರು ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು.

ಶರಣಬಸವ ಚಹಾ ಮುಗಿಸಿ ಬರುತ್ತಿದ್ದಾನೆ. ಇಲ್ಲಿಂದ ಕಲಬುರ್ಗಿ, ಅಲ್ಲಿಂದ ಸೊಲ್ಲಾಪುರ. ಆ ಬೇವಿನ ಮರ ಅಲ್ಲಿರಬೇಕು. ಇಲ್ಲದಿದ್ದರೆ ಇವರಿಗಿದೆ.